ಪಿಕಪ್ ಸತ್ತಿದೆಯೋ, ಸ್ವಿಚ್ ಕೈಕೊಟ್ಟಿದೆಯೋ? ಗಿಟಾರ್ ರಿಪೇರಿ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನ್ನದು ಸ್ಟ್ರ್ಯಾಟೊಕ್ಯಾಸ್ಟರ್ ಮಾದರಿಯ ಗಿಟಾರ್, ಮೂರು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಅದುರನ್ನು ಸಿಗ್ನಲ್ ಆಗಿ ಹಿಡಿಯುವ, ಒಂದೇ ಸುರುಳಿಯ ಭಾಗ) ಇವೆ. ಮಳೆಗಾಲ ಮುಗಿದ ಮೇಲೆ ಹೊರಗೆ ತೆಗೆದು ನುಡಿಸಿದರೆ ಬ್ರಿಜ್ ಪಿಕಪ್ಪಿನಿಂದ ಸೊಳ್ಳೆ ಸದ್ದಿನಷ್ಟು ತೆಳುವಾಗಿ ಏನೋ ಕೇಳುತ್ತದೆ, ಅಷ್ಟೆ. ಉಳಿದೆರಡು ಚೆನ್ನಾಗಿವೆ. ಅಂಗಡಿಯಲ್ಲಿ ಮೂರನ್ನೂ ಬದಲಿಸಿ ಎನ್ನುತ್ತಾರೆ. ಒಂದನ್ನೇ ಬದಲಿಸಬಹುದೇ? ಮನೆಯಲ್ಲೇ ಮಾಡಿಕೊಳ್ಳಬಹುದೇ?
(ಓದುಗರು, ಉಡುಪಿ)

ಉತ್ತರ: ಒಂದನ್ನೇ ಬದಲಿಸಬಹುದು, ಮನೆಯಲ್ಲೇ ಮಾಡಿಕೊಳ್ಳಲೂಬಹುದು. ಆದರೆ ದುಡ್ಡು ಬಿಚ್ಚುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಪಿಕಪ್ ಹೋಗಿದೆ ಎಂದು ಬರುವ ಗಿಟಾರುಗಳಲ್ಲಿ ಎಷ್ಟೋ ಸಲ ಹೋಗಿರುವುದು ಸ್ವಿಚ್ಚು, ಇಲ್ಲವೇ ಒಂದು ಬೆಸುಗೆ.

ಮೊದಲ ಪರೀಕ್ಷೆಗೆ ಒಂದು ಸ್ಕ್ರೂವನ್ನೂ ಬಿಚ್ಚಬೇಕಿಲ್ಲ. ಗಿಟಾರಿಗೆ ಕೇಬಲ್ ಚುಚ್ಚಿ, ಇನ್ನೊಂದು ತುದಿಯನ್ನು ಆಂಪ್‌ಗೆ ಹಾಕದೆ ಕೈಯಲ್ಲಿಟ್ಟುಕೊಳ್ಳಿ. ವಾಲ್ಯೂಮ್ ಪೂರ್ತಿ 10ಕ್ಕೆ. ಮೀಟರ್ 20ಕೆ ಓಮ್ ರೇಂಜಿನಲ್ಲಿರಲಿ. ಒಂದು ಪ್ರೋಬ್ ಪ್ಲಗ್ಗಿನ ತುದಿಗೆ, ಇನ್ನೊಂದು ಅದರ ಉದ್ದನೆಯ ಕಾಂಡಕ್ಕೆ. ಈಗ ಸ್ವಿಚ್ಚನ್ನು ಐದೂ ಸ್ಥಾನಕ್ಕೆ ಸರಿಸುತ್ತ ಬರೆದುಕೊಳ್ಳಿ. ಈ ಬಗೆಯ ಪಿಕಪ್ ಒಂದೊಂದೂ ಸುಮಾರು 5.5ರಿಂದ 6.5 ಕಿಲೋಓಮ್ ಇರುತ್ತದೆ. ಅದರ ಜೊತೆ 250ಕೆ ವಾಲ್ಯೂಮ್ ಪಾಟ್ (ಗುಂಡಿಯ ಕೆಳಗಿನ ತಿರುಗುವ ರೆಸಿಸ್ಟರ್) ಪ್ಯಾರಲಲ್ಲಾಗಿ ಕೂತಿರುವುದರಿಂದ 6.0 ಇರುವುದು 5.86 ಎಂದು ತೋರಿಸುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಎರಡು ಪಿಕಪ್ ಒಟ್ಟಿಗೆ ಇರುವ ಸ್ಥಾನಗಳಲ್ಲಿ ಸರಿಯಾಗಿದ್ದರೆ 3ರ ಆಸುಪಾಸು ಬರಬೇಕು. ಬ್ರಿಜ್ ಮತ್ತು ಮಧ್ಯದ್ದು ಸೇರಿದ ಸ್ಥಾನದಲ್ಲಿ 3ರ ಬದಲು 6 ಕಂಡರೆ, ಬ್ರಿಜ್ ಪಿಕಪ್ ಸರ್ಕ್ಯೂಟಿನಲ್ಲೇ ಇಲ್ಲ ಎಂದರ್ಥ. ಬ್ರಿಜ್ ಒಂದೇ ಇರುವ ಸ್ಥಾನದಲ್ಲಿ 20ಕೆ ರೇಂಜಿನಲ್ಲಿ ಏನೂ ಸಿಗದೆ, 2000ಕೆ ರೇಂಜಿಗೆ ಹೋದಾಗ 250ರ ಹತ್ತಿರ ಬಂದರೆ, ಮೀಟರಿಗೆ ಕಾಣುತ್ತಿರುವುದು ಪಾಟ್ ಮಾತ್ರ. ಸೊನ್ನೆಗೆ ಹತ್ತಿರ ಬಂದರೆ ಎಲ್ಲೋ ಶಾರ್ಟ್ ಆಗಿದೆ. ಸ್ವಿಚ್ಚಿನ ಕಡ್ಡಿಯನ್ನು ಅಲ್ಲಾಡಿಸಿದಾಗ ಅಂಕಿ ಕುಣಿದರೆ ತಪ್ಪಿತಸ್ಥ ಸ್ವಿಚ್ಚೇ. ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಮುಕು ಹೊಡೆದು ಇಪ್ಪತ್ತು ಸಲ ಹಿಂದೆ ಮುಂದೆ ಮಾಡಿದರೆ ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ.

ಮುಗಿಯದಿದ್ದರೆ ಪಿಕ್‌ಗಾರ್ಡ್ (ಪಿಕಪ್ಪುಗಳನ್ನು ಹೊತ್ತ ಮೇಲಿನ ಹಾಳೆ) ಬಿಚ್ಚಿ. ತಂತಿಗಳನ್ನು ಕಡಿಯಬೇಡಿ, ಸಡಿಲಿಸಿ ಸಾಕು. ಮೊದಲ ಫ್ರೆಟ್ಟಿಗೆ ಕೇಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿಕೊಂಡರೆ ಕೀಲಿಯ ಮೇಲಿನ ಸುತ್ತು ಜಾರುವುದಿಲ್ಲ. ಸಾಮಾನ್ಯವಾಗಿ 11 ಸ್ಕ್ರೂ ಇರುತ್ತವೆ. ಗಾರ್ಡನ್ನು ಪೂರ್ತಿ ಎತ್ತಿಬಿಡಬೇಡಿ, ಜ್ಯಾಕ್‌ಗೆ ಹೋಗುವ ಎರಡು ವೈರೂ ಟ್ರೆಮೊಲೊ ಸ್ಪ್ರಿಂಗಿನ ಕೊಕ್ಕೆಗೆ ಹೋಗುವ ಗ್ರೌಂಡ್ ವೈರೂ ಒಳಗೆ ಬಿಗಿಯಾಗಿರುತ್ತವೆ. ದಪ್ಪ ಟವೆಲ್ ಹಾಸಿ ಅದರ ಮೇಲೆ ಮಗುಚಿಡಿ. ಕರಗಿದ ಸೋಲ್ಡರಿನ ಒಂದು ಹನಿ ಬಾಡಿಯ ಬಣ್ಣದ ಮೇಲೆ ಬಿದ್ದರೆ ಆ ಕಲೆ ಹೋಗುವುದಿಲ್ಲ.

ಈಗ ಸ್ವಿಚ್ಚನ್ನು ನೆಕ್, ಅಂದರೆ ಗಿಟಾರಿನ ಕತ್ತಿನ ಕಡೆಯ ಪಿಕಪ್ಪಿನ ಸ್ಥಾನಕ್ಕೆ ಹಾಕಿ. ಬ್ರಿಜ್ ಪಿಕಪ್ ಸರ್ಕ್ಯೂಟಿನಿಂದ ಬೇರೆಯಾಯಿತು, ಬೆಸುಗೆ ಬಿಚ್ಚದೆಯೇ ಅಳೆಯಬಹುದು. ಅದರ ವೈರು ಸ್ವಿಚ್ಚಿಗೆ ಬಂದು ಸೇರುವ ಕಾಲಿಗೂ ವಾಲ್ಯೂಮ್ ಪಾಟಿನ ಬೆನ್ನಿಗೂ ಪ್ರೋಬ್ ಇಡಿ. 6 ಕಿಲೋಓಮ್ ಬಂತೇ? ಪಿಕಪ್ ಗಟ್ಟಿಯಾಗಿದೆ, ಸ್ವಿಚ್ ಬದಲಿಸಿ. ಬರಲಿಲ್ಲವೇ? ಪಿಕಪ್ಪಿನ ತಳದಲ್ಲಿರುವ ಎರಡು ಹಿತ್ತಾಳೆ ಕಣ್ಣುಗಳಿಗೇ ನೇರವಾಗಿ ಪ್ರೋಬ್ ಮುಟ್ಟಿಸಿ. ಅಲ್ಲಿ ಅಂಕಿ ಸಿಕ್ಕರೆ ಕಡಿದಿರುವುದು ಹೊರಗಿನ ವೈರು. ಅಲ್ಲೂ ಸಿಗದಿದ್ದರೆ ಸುರುಳಿಯೇ ಕಡಿದಿದೆ.

ನೀವು ಹೇಳಿದ ಸೊಳ್ಳೆ ಸದ್ದು ಈ ಕೊನೆಯದರ ಕಡೆಗೇ ಬೆರಳು ತೋರಿಸುತ್ತದೆ. ಸುರುಳಿ ಕಡಿದರೂ ಅದರ ಪದರಗಳು ಒಂದಕ್ಕೊಂದು ಅಂಟಿಕೊಂಡಂತಿರುವುದರಿಂದ ಪುಟ್ಟ ಕೆಪ್ಯಾಸಿಟರಿನ ಹಾಗೆ ವರ್ತಿಸಿ ಚೂಪು ಸ್ವರಗಳನ್ನಷ್ಟೇ ದಾಟಿಸುತ್ತವೆ. ಅದಕ್ಕೇ ಪೂರ್ತಿ ಮೌನವಲ್ಲ, ಜೀವವಿಲ್ಲದ ತೆಳು ಸದ್ದು. ಕರಾವಳಿಯಲ್ಲಿ ಇದಕ್ಕೆ ಕಾರಣ ಹುಡುಕಬೇಕಿಲ್ಲ. ಸುತ್ತಿರುವುದು 42 ಗೇಜ್ ತಾಮ್ರ, 0.063 ಮಿಲಿಮೀಟರ್ ದಪ್ಪ, ತಲೆಗೂದಲಿನಷ್ಟು. ಅಂಥ ಎಂಟು ಸಾವಿರದಷ್ಟು ಸುತ್ತು. ಹಳೆಯ ರೀತಿಯ ಪಿಕಪ್ಪಿನಲ್ಲಿ ಈ ತಂತಿಯನ್ನು ಅಯಸ್ಕಾಂತದ ಕಂಬಗಳ ಮೈಗೇ ಸುತ್ತಿರುತ್ತಾರೆ, ನಡುವೆ ಬರೀ ತೆಳು ಲ್ಯಾಕರ್. ಕೈಬೆವರಿನ ಉಪ್ಪು ಕಂಬದ ಸಂದಿನಲ್ಲಿ ಇಳಿದು, ಕಂಬಕ್ಕೆ ತುಕ್ಕು, ತಾಮ್ರಕ್ಕೆ ಕಿಲುಬು ಹಿಡಿದು, ಒಳಗಿನ ಮೊದಲ ಸುತ್ತುಗಳಲ್ಲಿ ಒಂದು ತುಂಡಾದರೆ ಆಯಿತು. ಇನ್ನೊಂದು ಕಾರಣ ಮನುಷ್ಯರದ್ದು: ಎತ್ತರ ಸರಿಪಡಿಸುತ್ತೇನೆಂದು ಕಂಬಗಳನ್ನು ಬೆರಳಿನಿಂದ ಒತ್ತುವುದು. ಈ ಬಗೆಯ ಕಂಬ ಜರುಗಿದರೆ ಒಳಸುತ್ತನ್ನೂ ಎಳೆದುಕೊಂಡೇ ಹೋಗುತ್ತದೆ.

ಹೊಸದನ್ನು ತರಲು ಹೊರಡುವ ಮೊದಲು ಮುಚ್ಚಳ ಜಾರಿಸಿ ಭೂತಗನ್ನಡಿಯಲ್ಲಿ ಒಮ್ಮೆ ನೋಡಿ. ಸುರುಳಿಯಿಂದ ಹಿತ್ತಾಳೆ ಕಣ್ಣಿಗೆ ಬರುವ ಎಳೆ ಅಲ್ಲೇ ತುಂಡಾಗಿದ್ದರೆ ಬದುಕಿಸಬಹುದು. ಹೊರಗಿನ ಎಳೆಯಾದರೆ ಒಂದು ಸುತ್ತು ಬಿಚ್ಚಿ, ತುದಿಯ ವಾರ್ನಿಷ್ ನಯವಾಗಿ ಕೆರೆದು, ಕಣ್ಣಿಗೆ ಸುತ್ತಿ ಬೆಸೆಯಿರಿ. ಸಾವಿರಾರು ಸುತ್ತಿನಲ್ಲಿ ಒಂದೆರಡು ಹೋದರೆ ಕಿವಿಗೆ ಗೊತ್ತಾಗುವುದಿಲ್ಲ. ಒಳಗಿನ ಎಳೆ ಬುಡದಲ್ಲಿ ಕಡಿದಿದ್ದರೆ ಆಸೆ ಬಿಡಿ.

ಇನ್ನು ಹೊಸ ಪಿಕಪ್. ಒಂದನ್ನೇ ಹಾಕುವವರು ಎಡವುವುದು ಇಲ್ಲೇ, ಅಂಗಡಿಯವರು ಸೆಟ್ ಮಾರಲು ನೋಡುವುದಕ್ಕೂ ಇದರಲ್ಲಿ ಸ್ವಲ್ಪ ನ್ಯಾಯವಿದೆ. ಒಂದನೇ ತಂತಿಯ ಕಂಬದಿಂದ ಆರನೆಯದರ ಕಂಬದವರೆಗೆ ನಿಮ್ಮ ಹಳೆಯದರಲ್ಲಿ ಎಷ್ಟಿದೆ ಅಳೆಯಿರಿ, ಹೆಚ್ಚಾಗಿ 52 ಮಿಲಿಮೀಟರ್. ಆಮೇಲೆ ಅಯಸ್ಕಾಂತದ ದಿಕ್ಕು. ಈಚಿನ ಸೆಟ್ಟುಗಳಲ್ಲಿ ಮಧ್ಯದ ಪಿಕಪ್ಪಿನ ಅಯಸ್ಕಾಂತ ಉಲ್ಟಾ, ಸುತ್ತಿದ ದಿಕ್ಕೂ ಉಲ್ಟಾ ಇರುತ್ತದೆ. ಎರಡು ಪಿಕಪ್ ಒಟ್ಟಿಗಿದ್ದಾಗ ಗುಂಯ್ ಸದ್ದು ಪರಸ್ಪರ ಕಳೆದುಹೋಗಿ, ತಂತಿಯ ನಾದ ಮಾತ್ರ ಕೂಡಿಕೊಳ್ಳಲಿ ಎಂದು. ನಿಮ್ಮ ಹೊಸ ಬ್ರಿಜ್ ಪಿಕಪ್ ಹಳೆಯ ಬ್ರಿಜ್ಜಿನಂತೆಯೇ ಇರಬೇಕು. ಸುರುಳಿ ಸತ್ತರೂ ಅಯಸ್ಕಾಂತ ಸಾಯುವುದಿಲ್ಲವಾದ್ದರಿಂದ ಹಳೆಯದನ್ನೇ ಅಂಗಡಿಗೆ ಒಯ್ಯಿರಿ. ಎರಡರ ಮುಖಕ್ಕೆ ಮುಖ ಹಿಡಿದಾಗ ದೂಡಿಕೊಂಡರೆ ದಿಕ್ಕು ಒಂದೇ, ಸೆಳೆದುಕೊಂಡರೆ ಉಲ್ಟಾ. ಎರಡು ಬೆರಳಿನ ಅಂತರದಲ್ಲೇ ಹಿಡಿಯಿರಿ, ಒತ್ತಿ ಮುಟ್ಟಿಸಿದರೆ ಆಲ್ನಿಕೊ ಅಯಸ್ಕಾಂತ ದುರ್ಬಲವಾಗಬಹುದು.

ಸುತ್ತಿದ ದಿಕ್ಕಿಗೆ ಬೇರೆ ಪರೀಕ್ಷೆ. ನೆಕ್ ಪಿಕಪ್ಪಿನ ಸಿಗ್ನಲ್ ವೈರಿಗೆ ಕೆಂಪು ಪ್ರೋಬ್, ಗ್ರೌಂಡಿಗೆ ಕಪ್ಪು ಪ್ರೋಬ್ ಹಿಡಿದು ಕಬ್ಬಿಣದ ಸ್ಕ್ರೂಡ್ರೈವರನ್ನು ಕಂಬದ ಮೇಲೆ ಟಕ್ ಎಂದು ಇಡಿ. ಅಂಕಿ ಒಂದು ಕ್ಷಣ ಮೇಲೆ ಹಾರಿತೋ ಕೆಳಗೆ ಇಳಿಯಿತೋ ನೋಡಿಕೊಳ್ಳಿ. ಮುಳ್ಳಿನ ಹಳೆಯ ಮೀಟರಿದ್ದರೆ ಇನ್ನೂ ಸ್ಪಷ್ಟ. ಹೊಸ ಪಿಕಪ್ಪೂ ಅದೇ ಕಡೆಗೆ ಹಾರಬೇಕು. ವಿರುದ್ಧ ಹಾರಿದರೆ ಅದರ ಎರಡು ವೈರನ್ನು ಅದಲುಬದಲು ಮಾಡಿ ಬೆಸೆದರಾಯಿತು. ಅಯಸ್ಕಾಂತವೇ ಉಲ್ಟಾ ಇರುವ ಪಿಕಪ್ ತಂದಿದ್ದರೆ ಹೀಗೆ ಅದಲುಬದಲು ಮಾಡಿದ ಮೇಲೂ ನಾದ ಸರಿಹೋಗುತ್ತದೆ, ಗುಂಯ್ ಮಾತ್ರ ಕಳೆಯುವುದಿಲ್ಲ. ಮುಚ್ಚಳ ಪ್ಲಾಸ್ಟಿಕ್ ಆದ್ದರಿಂದ ಇಲ್ಲಿ ಬೇರೆ ತೊಡಕಿಲ್ಲ. ಟೆಲಿಕ್ಯಾಸ್ಟರಿನ ನೆಕ್ ಪಿಕಪ್ಪಿನಂತೆ ಲೋಹದ ಮುಚ್ಚಳವಿದ್ದರೆ, ಮುಚ್ಚಳವನ್ನು ಗ್ರೌಂಡಿಗೆ ಸೇರಿಸುವ ಪುಟ್ಟ ವೈರನ್ನು ಮೊದಲು ಬೇರ್ಪಡಿಸಿ ಅದಕ್ಕೆ ಪ್ರತ್ಯೇಕ ಗ್ರೌಂಡ್ ಕೊಡಬೇಕು.

ಬೆಸುಗೆಯ ಕೆಲಸ ಎರಡೇ ಕಡೆ: ಸಿಗ್ನಲ್ ವೈರು ಸ್ವಿಚ್ಚಿನ ಕಾಲಿಗೆ, ಗ್ರೌಂಡ್ ವೈರು ವಾಲ್ಯೂಮ್ ಪಾಟಿನ ಬೆನ್ನಿಗೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಸ್ವಿಚ್ಚಿನ ಕಾಲು ಸುಲಭ, ಎರಡು ಮೂರು ಸೆಕೆಂಡಿನ ಕೆಲಸ. ಕಾಟ ಕೊಡುವುದು ಪಾಟಿನ ಬೆನ್ನು. ಮನೆಯಲ್ಲಿರುವ 25 ವಾಟಿನ ಐರನ್ ಅಷ್ಟು ಲೋಹವನ್ನು ಬೇಗ ಕಾಯಿಸಲಾರದು. ಸೋಲ್ಡರ್ ಮುದ್ದೆಯಾಗಿ ಕೂರುತ್ತದೆ, ಒಳಗೆ ಹಿಡಿದಿರುವುದಿಲ್ಲ, ಇನ್ನೊಂದಿಷ್ಟು ಹೊತ್ತು ಹಿಡಿದು ಕೂತರೆ ಪಾಟಿನ ಒಳಗಿನ ಪಟ್ಟಿ ಕೆಡುತ್ತದೆ. 60 ವಾಟಿನದು, ಅಗಲ ತುದಿ, 370 ಡಿಗ್ರಿ ಸೆಲ್ಸಿಯಸ್ ಹತ್ತಿರ, ಐದು ಸೆಕೆಂಡಿನಲ್ಲಿ ಕೆಲಸ ಮುಗಿಸಿ. ಹಳೆಯ ಬೆಸುಗೆ ಅಲ್ಲಿದ್ದರೆ ಅದನ್ನೇ ಕರಗಿಸಿ ಹೊಸ ವೈರನ್ನು ಅದರೊಳಗೆ ಅದ್ದಿಬಿಡಿ. ಹೊಸ ಜಾಗವಾದರೆ ಮೊದಲು ಉಪ್ಪುಕಾಗದದಿಂದ ಉಜ್ಜಿ. ರಾಳ ತುಂಬಿದ 60/40 ಇಲ್ಲವೇ 63/37 ಸೋಲ್ಡರ್, 0.8 ಮಿಲಿಮೀಟರಿನದು ಸಾಕು. ಪ್ಲಂಬರುಗಳು ಬಳಸುವ ಆಸಿಡ್ ಪೇಸ್ಟ್ ಮಾತ್ರ ಹತ್ತಿರ ತರಬೇಡಿ, ನಿಮ್ಮೂರಿನ ಹವೆಗೆ ಅದೂ ಸೇರಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಪ್ರಶ್ನೆ ಬರೆಯುತ್ತೀರಿ.

11 ಸ್ಕ್ರೂ ಬಿಗಿಯುವ ಮೊದಲೇ ಆಂಪ್‌ಗೆ ಚುಚ್ಚಿ, ಸದ್ದು ಕಡಿಮೆ ಇಟ್ಟು, ಒಂದೊಂದೇ ಪಿಕಪ್ಪಿನ ಕಂಬಕ್ಕೆ ಸ್ಕ್ರೂಡ್ರೈವರ್ ತಟ್ಟಿ. ಐದೂ ಸ್ಥಾನದಲ್ಲಿ ಟಕ್ ಎನ್ನಬೇಕಾದದ್ದು ಎನ್ನುತ್ತಿದೆಯೇ ನೋಡಿ. ತೆರೆದಿದ್ದಾಗ ಚೆನ್ನಾಗಿದ್ದು, ಮುಚ್ಚಿದ ಮೇಲೆ ಸದ್ದೇ ಇಲ್ಲದಿದ್ದರೆ ಸ್ವಿಚ್ಚಿನ ಕಾಲು ಬಾಡಿಯೊಳಗಿನ ತಾಮ್ರದ ಹಾಳೆಗೋ ಕಪ್ಪು ಶೀಲ್ಡಿಂಗ್ ಬಣ್ಣಕ್ಕೋ ತಾಗುತ್ತಿದೆ. ಒಂದು ಚೂರು ಇನ್ಸುಲೇಷನ್ ಟೇಪ್ ಸಾಕು.

ಕೊನೆಗೆ ಎತ್ತರ. ಕೊನೆಯ ಫ್ರೆಟ್ಟಿನಲ್ಲಿ ತಂತಿ ಒತ್ತಿ ಹಿಡಿದು, ತಂತಿಯ ಕೆಳಗಿನಿಂದ ಕಂಬದ ತಲೆಯವರೆಗೆ ದಪ್ಪ ತಂತಿಗೆ 2 ಮಿಲಿಮೀಟರ್, ಸಣ್ಣ ತಂತಿಗೆ 1.6. ಜೋರು ಸದ್ದಿಗಾಗಿ ಇನ್ನೂ ಮೇಲೆತ್ತಬೇಡಿ. ಅಯಸ್ಕಾಂತ ತಂತಿಯನ್ನೇ ಎಳೆಯತೊಡಗಿದರೆ ಮೇಲಿನ ಫ್ರೆಟ್ಟುಗಳಲ್ಲಿ ಸ್ವರ ಒಡೆದು ಎರಡು ಕೇಳಿಸುತ್ತದೆ, ಎಷ್ಟು ಟ್ಯೂನ್ ಮಾಡಿದರೂ ಕೂಡುವುದಿಲ್ಲ.

ಪ್ರಶ್ನೆ: ಹಳೆಯ ಡಿಮಾರ್ಜಿಯೊ ಹಂಬಕರ್ (ಗುಂಯ್ ಕಳೆಯುವ ಎರಡು ಸುರುಳಿಯ ಪಿಕಪ್) ಒಂದು ಸಿಕ್ಕಿತು, ಹಾಕಿದೆ. ಮೀಟರಿನಲ್ಲಿ ಅಂಕಿ ಸರಿಯಾಗಿಯೇ ಬರುತ್ತದೆ, ಆದರೆ ಸದ್ದು ಮೂಗಿನಲ್ಲಿ ಮಾತಾಡಿದ ಹಾಗೆ, ಸಾಲದ್ದಕ್ಕೆ ಗುಂಯ್ ಬೇರೆ. ಸೀಮೋರ್ ಡಂಕನ್ ಚಾರ್ಟ್ ನೋಡಿ ವೈರ್ ಸೇರಿಸಿದ್ದೆ. ಪಿಕಪ್ ಕೆಟ್ಟಿದೆಯೇ?
(ಓದುಗರು, ಬೆಂಗಳೂರು)

ಉತ್ತರ: ಪಿಕಪ್ಪಿಗೆ ಏನೂ ಆಗಿಲ್ಲ, ಚಾರ್ಟ್ ಬೇರೆಯವರದ್ದು. ಎರಡೂ ಕಂಪನಿ ಅವೇ ನಾಲ್ಕು ಬಣ್ಣ ಬಳಸುತ್ತವೆ, ಅರ್ಥ ಮಾತ್ರ ಬೇರೆ. ಡಂಕನ್‌ನಲ್ಲಿ ಕಪ್ಪು ಸಿಗ್ನಲ್, ಕೆಂಪು ಮತ್ತು ಬಿಳಿ ಒಂದಕ್ಕೊಂದು ಸೇರಿಸಿ ಟೇಪ್ ಸುತ್ತಬೇಕು, ಹಸಿರು ಮತ್ತು ಬರಿ ವೈರು ಗ್ರೌಂಡಿಗೆ. ಡಿಮಾರ್ಜಿಯೊದಲ್ಲಿ ಕೆಂಪು ಸಿಗ್ನಲ್, ಕಪ್ಪು ಮತ್ತು ಬಿಳಿ ಸೇರಿಸಬೇಕು, ಹಸಿರು ಮತ್ತು ಬರಿ ವೈರು ಗ್ರೌಂಡಿಗೆ. ನೀವು ಮಾಡಿದ್ದರಲ್ಲಿ ಎರಡು ಸುರುಳಿಯಲ್ಲಿ ಒಂದು ತಲೆಕೆಳಗಾಯಿತು. ತಂತಿಯ ನಾದ ಕಳೆದುಹೋಯಿತು, ಕಳೆಯಬೇಕಿದ್ದ ಗುಂಯ್ ಕೂಡಿಕೊಂಡಿತು. ಸೆತ್ ಲವರ್ 1955ರಲ್ಲಿ ಗಿಬ್ಸನ್ ಕಂಪನಿಗಾಗಿ ಪೇಟೆಂಟ್ ಕೋರಿದ ಹಂಬಕರ್ ಉಪಾಯಕ್ಕೆ ತದ್ವಿರುದ್ಧವಾದದ್ದನ್ನು ಕಟ್ಟಿದಂತಾಯಿತು! ಓಮ್ ಮೀಟರಿಗೆ ದಿಕ್ಕು ತಿಳಿಯದು, ಎರಡು ಸುರುಳಿಯ ಮೊತ್ತವನ್ನಷ್ಟೇ ಹೇಳುತ್ತದೆ. ಅದಕ್ಕೇ ಅಂಕಿ ಸರಿ ಬಂತು.

ಹೆಸರಿಲ್ಲದ ಪಿಕಪ್ ಸಿಕ್ಕರೆ ಚಾರ್ಟ್ ಹುಡುಕುತ್ತ ಕೂರಬೇಡಿ. ನಾಲ್ಕು ವೈರಿನಲ್ಲಿ ಯಾವ ಎರಡರ ನಡುವೆ 4 ಕಿಲೋಓಮ್ ಆಸುಪಾಸು ಬರುತ್ತದೆ ನೋಡಿದರೆ ಜೋಡಿಗಳು ತಿಳಿಯುತ್ತವೆ. ಒಂದೊಂದು ಸುರುಳಿಯ ಕಂಬಕ್ಕೂ ಸ್ಕ್ರೂಡ್ರೈವರ್ ಇಟ್ಟು, ಅಂಕಿ ಮೇಲೆ ಹಾರುವಾಗ ಕೆಂಪು ಪ್ರೋಬ್ ಇರುವ ವೈರಿಗೆ ಗುರುತು ಹಾಕಿ. ಮೊದಲ ಸುರುಳಿಯ ಗುರುತಿನ ವೈರು ಸಿಗ್ನಲ್. ಅದರ ಜೋಡಿಯನ್ನು ಎರಡನೆಯದರ ಗುರುತಿನ ವೈರಿಗೆ ಸೇರಿಸಿ. ಉಳಿದದ್ದು ಗ್ರೌಂಡ್.

ಪ್ರಶ್ನೆ: 16 ಕಿಲೋಓಮ್ ಪಿಕಪ್ ಹಾಕಿದರೆ 8ರದ್ದಕ್ಕಿಂತ ಎರಡು ಪಟ್ಟು ಜೋರಾಗುತ್ತದೆಯೇ?
(ಓದುಗರು, ಹುಬ್ಬಳ್ಳಿ)

ಉತ್ತರ: ಇಲ್ಲ. ಓಮ್ ಎನ್ನುವುದು ತಾಮ್ರದ ಉದ್ದ ಮತ್ತು ದಪ್ಪದ ಲೆಕ್ಕ, ಜೋರಿನ ಲೆಕ್ಕವಲ್ಲ. ಅಷ್ಟೇ ಸುತ್ತನ್ನು 42ರ ಬದಲು ಇನ್ನೂ ತೆಳುವಾದ 43 ಗೇಜಿನಲ್ಲಿ ಸುತ್ತಿದರೆ ಓಮ್ ಕಾಲು ಭಾಗಕ್ಕಿಂತ ಹೆಚ್ಚು ಏರುತ್ತದೆ, ಸದ್ದು ಏರುವುದಿಲ್ಲ. ಟೆಲಿಕ್ಯಾಸ್ಟರಿನ ನೆಕ್ ಪಿಕಪ್ಪೇ ಇದಕ್ಕೆ ಉದಾಹರಣೆ: 43 ಗೇಜ್, ಓಮ್ ಬ್ರಿಜ್ಜಿನಷ್ಟೇ, ದನಿ ಮೆತ್ತಗೆ. ಒಂದೇ ಗೇಜು, ಒಂದೇ ಅಯಸ್ಕಾಂತ ಇದ್ದಾಗ ಮಾತ್ರ ಹೋಲಿಕೆ ನಡೆಯುತ್ತದೆ. ಸುತ್ತು ಹೆಚ್ಚಿದಷ್ಟೂ ನಡುದನಿ ಗಟ್ಟಿಯಾಗುತ್ತದೆ, ಚೂಪು ಸ್ವರ ಮಂಕಾಗುತ್ತದೆ, ಅದನ್ನು ತಿಳಿದೇ ಕೊಳ್ಳಿ. ಇನ್ನೊಂದು, ತಾಮ್ರದ ಓಮ್ ಪ್ರತಿ ಡಿಗ್ರಿಗೆ ಶೇ 0.39ರಷ್ಟು ಏರುತ್ತದೆ. 20 ಡಿಗ್ರಿಯಲ್ಲಿ 8.0 ಇದ್ದದ್ದು ನಿಮ್ಮ ಬೇಸಿಗೆಯ 38 ಡಿಗ್ರಿಯಲ್ಲಿ 8.56 ಆಗುತ್ತದೆ. ಪೆಟ್ಟಿಗೆಯ ಮೇಲಿನ ಅಂಕಿಗೆ ಹೊಂದಲಿಲ್ಲ ಎಂದು ಅಂಗಡಿಯವರ ಜೊತೆ ಜಗಳಕ್ಕೆ ಇಳಿಯಬೇಡಿ.

ಸಿಂಗಲ್ ಕಾಯಿಲ್ ತೆಗೆದು ಹಂಬಕರ್ ಹಾಕುವುದಾದರೆ ಪಾಟನ್ನೂ 250ಕೆಯಿಂದ 500ಕೆಗೆ ಬದಲಿಸಿ, ಇಲ್ಲದಿದ್ದರೆ ಕಂಬಳಿ ಹೊದ್ದ ಸದ್ದು. ವಾಲ್ಯೂಮಿಗೆ ಎ ಅಕ್ಷರದ್ದು, ಅಂದರೆ ಆಡಿಯೊ ಟೇಪರ್ ಕೇಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಗೆ ಹೋಗುವುದಾದರೆ ಹಳೆಯ ಪಾಟು ಮತ್ತು ಗುಂಡಿ ಎರಡನ್ನೂ ಜೊತೆಗೊಯ್ಯಿರಿ. ಅಮೆರಿಕದ ಸಿಟಿಎಸ್ ಪಾಟಿನ ಕತ್ತು ಮುಕ್ಕಾಲು ಪಾಲು ಅಗ್ಗದ ಗಿಟಾರುಗಳ ತೂತಿಗಿಂತ ದಪ್ಪ, 9.5 ಮಿಲಿಮೀಟರ್. ಅದರ ಕಡ್ಡಿಯಲ್ಲಿ 24 ಹಲ್ಲು, ಏಷ್ಯಾದ ಪಾಟುಗಳಲ್ಲಿ 18. ಗುಂಡಿ ಕೂರುವುದಿಲ್ಲ.

ಪ್ರಶ್ನೆ: ಸತ್ತ ಪಿಕಪ್ಪನ್ನು ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಸುತ್ತಿಸಬಹುದೇ?
(ಓದುಗರು, ದಾವಣಗೆರೆ)

ಉತ್ತರ: ಪಂಪ್‌ಸೆಟ್ ಮೋಟರ್ ಸುತ್ತುವ ಕೈಗೆ ಈ ಎಳೆ ನಿಲ್ಲುವುದಿಲ್ಲ, ಎಳೆದ ಹಾಗೇ ತುಂಡಾಗುತ್ತದೆ. ರಿಲೇ, ಸಣ್ಣ ಟ್ರಾನ್ಸ್‌ಫಾರ್ಮರ್ ಸುತ್ತುವವರ ಬಳಿ ಎಣಿಕೆಯ ಯಂತ್ರವಿದ್ದರೆ ಕೇಳಿ ನೋಡಿ. 42 ಗೇಜ್, ಹಳೆಯದರಷ್ಟೇ ಸುತ್ತು, ಹಳೆಯ ದಿಕ್ಕು, ಈ ಮೂರನ್ನೂ ಚೀಟಿಯಲ್ಲಿ ಬರೆದುಕೊಡಿ. ಹಳೆಯ ಸುರುಳಿಯನ್ನು ಬ್ಲೇಡಿನಿಂದ ಕತ್ತರಿಸಿ ಎಸೆಯುವ ಮೊದಲು, ಯಾವ ಕಣ್ಣಿನಿಂದ ಶುರುವಾಗಿ ಯಾವ ಕಡೆ ತಿರುಗಿದೆ ಎಂದು ಚಿತ್ರ ಬರೆದಿಟ್ಟುಕೊಳ್ಳಿ. ದುಬಾರಿ ಇಲ್ಲವೇ ಹಳೆಯ ಅಪರೂಪದ ಪಿಕಪ್ಪಿಗೆ ಈ ಪಾಡು ಪಡಬಹುದು. ತಳದಲ್ಲಿ ಸೆರಾಮಿಕ್ ಅಯಸ್ಕಾಂತದ ಪಟ್ಟಿ ಅಂಟಿಸಿದ ಅಗ್ಗದ ಪಿಕಪ್ಪಿಗೆ ಬೇಡ.

ಸುತ್ತಿದ ಮೇಲೆ ಮೇಣದಲ್ಲಿ ಅದ್ದಬೇಕು. ಇಲ್ಲದಿದ್ದರೆ ಸಡಿಲ ಸುತ್ತುಗಳು ಅದುರಿ, ಆಂಪ್ ಜೋರು ಮಾಡಿದಾಗ ಕೀರಲು ಕೂಗು ಹಾಕುತ್ತವೆ. ನಾಲ್ಕು ಪಾಲು ಪ್ಯಾರಫಿನ್, ಒಂದು ಪಾಲು ಜೇನುಮೇಣ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, 60ರಿಂದ 65 ಡಿಗ್ರಿ ದಾಟದಂತೆ ಥರ್ಮಾಮೀಟರ್ ಇಟ್ಟು, ಗುಳ್ಳೆ ಏಳುವುದು ನಿಲ್ಲುವವರೆಗೆ ಹದಿನೈದು ನಿಮಿಷ ಬಿಡಿ. ಇನ್ನೂ ಕಾಯಿಸಿದರೆ ಪ್ಲಾಸ್ಟಿಕ್ ಬಾಬಿನ್ (ಸುರುಳಿ ಸುತ್ತಿದ ಚೌಕಟ್ಟು) ಸೊಟ್ಟಗಾಗುತ್ತದೆ. ಮೇಣದ ಪಾತ್ರೆಯನ್ನು ನೇರ ಗ್ಯಾಸ್ ಉರಿಗೆ ಇಡಲೇಬೇಡಿ, ಹೊತ್ತಿಕೊಳ್ಳುತ್ತದೆ.

ಪ್ರಶ್ನೆ: ಪಿಕಪ್ ಬದಲಿಸಿದ ಮೇಲೆ ತಂತಿ ಮುಟ್ಟಿದರೆ ಗುಂಯ್ ಜಾಸ್ತಿಯಾಗುತ್ತದೆ. ಮೊದಲು ಮುಟ್ಟಿದರೆ ಕಡಿಮೆಯಾಗುತ್ತಿತ್ತು.
(ಓದುಗರು, ಮೈಸೂರು)

ಉತ್ತರ: ಜ್ಯಾಕಿನ ಎರಡು ವೈರು ಅದಲುಬದಲಾಗಿವೆ. ಪಾಟಿನ ಬೆನ್ನಿನಿಂದ ಬರುವ ವೈರು ಜ್ಯಾಕಿನ ಒಳಗಿನ ಉಂಗುರಕ್ಕೂ, ವಾಲ್ಯೂಮಿನ ನಡುಕಾಲಿನಿಂದ ಬರುವುದು ಪ್ಲಗ್ಗಿನ ತುದಿಯನ್ನು ಕಚ್ಚುವ ಉದ್ದ ನಾಲಿಗೆಗೂ ಹೋಗಬೇಕು. ಮುಟ್ಟಿದರೂ ಬಿಟ್ಟರೂ ಗುಂಯ್ ಒಂದೇ ಸಮ ಇದ್ದರೆ ಮಾತ್ರ ಬ್ರಿಜ್ಜಿಗೆ ಹೋಗುವ ಗ್ರೌಂಡ್ ವೈರು ಕಳಚಿದೆ ಎಂದು ತಿಳಿಯಿರಿ.

ಇದರ ಜೊತೆಗೆ ಆಂಪ್ ಚುಚ್ಚುವ ಗೋಡೆಯ ಸಾಕೆಟ್ಟನ್ನೂ ನೋಡಿ. ಗಿಟಾರಿನ ತಂತಿ, ಬ್ರಿಜ್, ಕೇಬಲ್ಲಿನ ಹೊರಕವಚ, ಆಂಪಿನ ಲೋಹದ ಮೈ ಎಲ್ಲ ಒಂದೇ ಎಳೆ. ಮೂರನೇ ಪಿನ್ನಿನಲ್ಲಿ ಅರ್ತಿಂಗ್ ಇಲ್ಲದ ಮನೆಯಲ್ಲಿ ಆಂಪ್ ಒಳಗೆ ಕರೆಂಟ್ ಸೋರಿದರೆ ಅದು ನೇರ ನಿಮ್ಮ ಬೆರಳಿಗೇ ಬರುತ್ತದೆ. ಇನ್ನೊಂದು ಕೈ ಮೈಕ್ ಮುಟ್ಟಿದಾಗ ಜುಮ್ ಎಂದರೆ ಗಿಟಾರ್ ಬಿಚ್ಚಬೇಡಿ, ಎಲೆಕ್ಟ್ರಿಷಿಯನ್‌ರನ್ನು ಕರೆಸಿ.

ಪ್ರಶ್ನೆ: ಇಎಂಜಿ ಆ್ಯಕ್ಟಿವ್ ಪಿಕಪ್ ಒಡೆದ ಸದ್ದು ಕೊಡುತ್ತಿದೆ, ಮೀಟರಿನಲ್ಲಿ ಓಮ್ ಅಂಕಿಯೂ ಏನೇನೋ ಬರುತ್ತಿದೆ.
(ಓದುಗರು, ಮಸ್ಕತ್)

ಉತ್ತರ: ಮೊದಲು 9 ವೋಲ್ಟ್ ಬ್ಯಾಟರಿ ಬದಲಿಸಿ. ಆ್ಯಕ್ಟಿವ್ ಪಿಕಪ್ಪಿನ ಒಳಗೆ ಪ್ರಿಆಂಪ್ (ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಆಂಪ್) ಇದೆ, ಓಮ್ ಅಳೆದು ಏನೂ ತಿಳಿಯದು. ಕೇಬಲ್ ಚುಚ್ಚಿರುವವರೆಗೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ, ಅದಕ್ಕೆ ಗಿಟಾರಿನಲ್ಲಿ ಬೇರೆ ಸ್ವಿಚ್ಚಿಲ್ಲ, ಜ್ಯಾಕೇ ಸ್ವಿಚ್ಚು. ನುಡಿಸಿದ ಮೇಲೆ ಕೇಬಲ್ ಕಿತ್ತಿಡಿ. ಹೊಸ ಬ್ಯಾಟರಿಗೂ ಹಾಗೇ ಇದ್ದರೆ ಪಾಟು ನೋಡಿ: ಅವಕ್ಕೆ ಬೇಕಿರುವುದು 25ಕೆ. ಯಾರಾದರೂ 500ಕೆ ಹಾಕಿಟ್ಟಿದ್ದರೆ ವಾಲ್ಯೂಮು ತಿರುಗಿಸಿದಾಗ ಕೊನೆಯ ಒಂದಿಷ್ಟರಲ್ಲೇ ಎಲ್ಲ ಸದ್ದೂ ಮಾಯವಾಗುತ್ತದೆ.